ಹಡಗಿನೊಳಗಿನ ವೆಲ್ಡರ್‌ಗೆ ಗಾಳಿ ಕೊಡಿ

ಸಂಪಾದಕರೇ,

ಹಡಗಿನ ತಳದ ಟ್ಯಾಂಕಿನಲ್ಲಿ, ನೆಟ್ಟಗೆ ಕೂರಲೂ ಜಾಗವಿಲ್ಲದ ಕಡೆ ಮಲಗಿಕೊಂಡು, ಕರಗಿದ ಲೋಹ ಮುಖದ ಮೇಲೆ ಸುರಿಯದ ಹಾಗೆ ತಲೆ ಮೇಲಿನ ಜಾಯಿಂಟಿಗೆ ವೆಲ್ಡಿಂಗ್ ಮಾಡುವವರು ನಾವು. ಈ ಕೈಚಳಕ ಸುಮ್ನೆ ಬರುವುದಿಲ್ಲ. ಜಾಯಿಂಟಿನ ಒಳಗೆ ಗಾಳಿಗುಳ್ಳೆ ಜಾಸ್ತಿ ಉಳಿದರೆ ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತದೆ, ಗ್ರೈಂಡ್ ಮಾಡಿ ಮತ್ತೆ ಮೊದಲಿಂದ ಮಾಡಬೇಕು.

ವೆಲ್ಡಿಂಗ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ಹೇಳಿದೆ. ವೆಲ್ಡಿಂಗ್ ಮಾಡುವಾಗ ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಬಿಡುವ ಆರ್ಗಾನ್ ಅನಿಲ ಗಾಳಿಗಿಂತ ಭಾರ. ಅದು ತಳದಲ್ಲಿ ತುಂಬಿಕೊಂಡು ಆಮ್ಲಜನಕ ಇಳಿದರೆ ಮನುಷ್ಯ ಕೂಗುವ ಮೊದಲೇ ಕುಸಿದು ಬೀಳಬಹುದು. ಹೀಗಿದ್ದೂ ಹೊಗೆ ಎಳೆಯುವ ಫ್ಯಾನ್ ಕೇಳಿದರೆ ‘ಕೆಲಸ ತಡವಾಗುತ್ತೆ’ ಅನ್ನುವ ಮೇಲ್ವಿಚಾರಕರಿದ್ದಾರೆ. ನಾವು ಟ್ಯಾಂಕಿಗೆ ಇಳಿಯುವ ಮೊದಲು ಆಮ್ಲಜನಕ ಅಳೆಯುವುದು, ಹೊರಗೆ ಒಬ್ಬರನ್ನು ಕಾವಲಿಗೆ ನಿಲ್ಲಿಸುವುದು ಕಂಪನಿಯದೇ ಕೆಲಸ, ಅಲ್ವಾ? ನಾವು ಅಂಗಲಾಚಬೇಕಾ?

– ಒಬ್ಬ ಹಡಗು ವೆಲ್ಡರ್