ಮಡಿಕೇರಿಯ ಗೆಳೆಯನಿಗೆ, ಬ್ಲೋವರ್ ಸದ್ದಿನ ಬಗ್ಗೆ

ಪ್ರೀತಿಯ ಗೆಳೆಯಾ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಸದ್ದನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಬೆಳಿಗ್ಗೆ ಕಾರಿನ ಹೀಟರ್ ಹಾಕಿದ ಕೂಡಲೇ ಜೀರುಂಡೆ ಹಾಗೆ ಕಿರ್ರ್ ಅನ್ನುತ್ತದೆ, ಸ್ವಲ್ಪ ಹೊತ್ತು ಓಡಿದ ಮೇಲೆ ಕಮ್ಮಿಯಾಗುತ್ತದೆ ಅಂದೆಯಲ್ಲ, ಹಾಗಾದರೆ ಮೋಟಾರು ಸತ್ತಿಲ್ಲ ಮಾರಾಯ. ಗ್ಯಾರೇಜಿನವರು ಹೇಳಿದರು ಅಂತ ಈಗಲೇ ಹೊಸ ಬ್ಲೋವರಿಗೆ, ಅಂದರೆ ಗಾಳಿ ದೂಡುವ ಫ್ಯಾನು ಮೋಟಾರಿಗೆ, ದುಡ್ಡು ಸುರಿಯಬೇಡ. ಮೊದಲು ಬಿಚ್ಚಿ ನೋಡು.

ಉಡುಪಿಯವನಿಗೆ ಹೀಟರ್ ಬಗ್ಗೆ ಎಂತ ಗೊತ್ತು ಅಂತ ನಗಬೇಡ. ನನ್ನ ಹಳೇ ಝೆನ್ ಕಾರಿನ ಹೀಟರ್ ಲಿವರ್ ವರ್ಷಗಳಿಂದ ತಂಪಿನ ನೀಲಿ ತುದಿಯಲ್ಲೇ ಕೂತಿದೆ, ನಿಜ. ಆದರೆ ಹೀಟರಿಗೂ ಎಸಿಗೂ ಫ್ಯಾನ್ ಒಂದೇ. ಎಂಜಿನ್ನಿನ ಬಿಸಿ ನೀರು ಡ್ಯಾಶ್‌ಬೋರ್ಡಿನ ಒಳಗಿರುವ ಒಂದು ಸಣ್ಣ ರೇಡಿಯೇಟರಿಗೆ ಬರುತ್ತದೆ, ಫ್ಯಾನು ಅದರ ಮೂಲಕ ಗಾಳಿ ದೂಡುತ್ತದೆ, ಅಷ್ಟೇ ಹೀಟರ್. ಇಲ್ಲಿ ನಮಗೆ ಆ ಫ್ಯಾನು ಬೇಕೇ ಬೇಕಾಗುವುದು ಆಟಿ ತಿಂಗಳ ಮಳೆಯಲ್ಲಿ, ಗಾಜಿನ ಮಂಜು ಬಿಡಿಸಲಿಕ್ಕೆ. ರಾತ್ರಿ ಹೊತ್ತು ಕಾಪು ದಾಟುವಾಗ ಅದು ಕೈಕೊಟ್ಟರೆ ಎದುರಿನ ಲಾರಿಯ ಲೈಟು ಬಿಟ್ಟು ಬೇರೇನೂ ಕಾಣುವುದಿಲ್ಲ.

ಮೊದಲು ಎಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಇಟ್ಟು ಬ್ಲೋವರ್ ಓಡಿಸು. ಆಗಲೂ ಸದ್ದು ಬಂದರೆ ಎಂಜಿನ್ನಿನ ಬೆಲ್ಟು, ಅದು ತಿರುಗಿಸುವ ಆಲ್ಟರ್ನೇಟರ್ ಮೇಲಿನ ಸಂಶಯ ಬಿಡು. ಸ್ಪೀಡ್ ಹೆಚ್ಚಿಸಿದ ಹಾಗೆ ಟಕಟಕ ಜಾಸ್ತಿಯಾದರೆ ಒಳಗೆ ಏನೋ ಕಸ ಸಿಕ್ಕಿಕೊಂಡಿದೆ. ಡ್ಯಾಶ್‌ಬೋರ್ಡೇ ನಡುಗಿದರೆ ಫ್ಯಾನಿನ ಸಮತೋಲ ತಪ್ಪಿದೆ. ನಿನ್ನದು ಕಿರುಗುಟ್ಟುವುದು, ಅದೂ ಚಳಿಯಲ್ಲಿ. ಮೋಟಾರಿನ ಶಾಫ್ಟನ್ನು ಹಿಡಿದಿಡುವ ಬಳೆಯಂಥ ಬುಶ್ ಎಣ್ಣೆಯಿಲ್ಲದೆ ಒಣಗಿದರೆ ಹೀಗೇ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಸದ್ದು ಬದಲಾಗುತ್ತದಾ ಅಂತಲೂ ಗಮನಿಸು. ಬದಲಾದರೆ ಬುಶ್ ಸವೆದಿರಬಹುದು, ಕಾರು ವಾಲುವಾಗ ಶಾಫ್ಟೂ ಸರಿಯುತ್ತದೆ.

ಬಿಚ್ಚುವುದು ಕಷ್ಟವಲ್ಲ, ಬೆನ್ನು ನೋವು ಮಾತ್ರ ಗ್ಯಾರಂಟಿ. ಬ್ಯಾಟರಿಯ ಮೈನಸ್ ವೈರ್ ತೆಗೆ. ಎಡಗಡೆಯ ಗ್ಲೋವ್ ಬಾಕ್ಸ್ ಕಳಚು. ಹಿಂದೆ ದುಂಡಗಿನ ಮೋಟಾರು ಕಾಣುತ್ತದೆ. ಕನೆಕ್ಟರ್ ಎಳೆ, ಸ್ಕ್ರೂ ಬಿಚ್ಚು, ಫ್ಯಾನಿನ ಸಮೇತ ಕೆಳಗೆ ಇಳಿಯುತ್ತದೆ. ಕೆಳಗೆ ಪೇಪರ್ ಹಾಸಿರು. ನನ್ನ ಕಾರಿನದ್ದು ಇಳಿಸಿದಾಗ ಮಡಿಲ ತುಂಬ ಗಾಳಿಮರದ ಸೂಜಿ ಎಲೆ! ಮಲ್ಪೆ ಕಡೆ ಮರದಡಿ ನಿಲ್ಲಿಸುವ ಅಭ್ಯಾಸ. ಎಲೆಯೆಲ್ಲ ಎದುರಿನ ಗಾಜಿನ ಬುಡದ ಜಾಲರಿಯಿಂದ ಇಳಿದು ಬಂದದ್ದು. ಜೊತೆಗೆ ಸೀಟಿನ ಸ್ಪಂಜಿನ ಚೂರುಗಳು, ಇಲಿಯ ಕೆಲಸ.

ಫ್ಯಾನು ಅಂದರೆ ಸುತ್ತಲೂ ತೆಳ್ಳಗಿನ ರೆಕ್ಕೆಗಳಿರುವ ಡ್ರಮ್ಮು. ಹಳೇ ಟೂತ್‌ಬ್ರಶ್ಶಿನಿಂದ ಒಂದೊಂದೇ ರೆಕ್ಕೆಯ ಧೂಳು ತೆಗೆ. ಯಾವುದೋ ರೆಕ್ಕೆಗೆ ಒಂದು ಪುಟ್ಟ ಕಬ್ಬಿಣದ ಕ್ಲಿಪ್ ಕಚ್ಚಿಕೊಂಡಿದ್ದರೆ ಕಸ ಅಂತ ಕಿತ್ತು ಬಿಸಾಡಬೇಡ. ಸಮತೋಲಕ್ಕೆ ಅಂತ ಕಂಪನಿಯವರೇ ಹಾಕಿದ ತೂಕ ಅದು. ಅದು ಹೋದರೆ ಈಗಿನ ಕಿರ್ರ್ ಜೊತೆಗೆ ಗಡಗಡವೂ ಶುರು.

ಆಮೇಲೆ ಡ್ರಮ್ಮನ್ನು ಹಿಡಿದು ಅಕ್ಕಪಕ್ಕ ಅಲ್ಲಾಡಿಸು. ಲೊಡಲೊಡ ಅಂದರೆ ಬುಶ್ ಮುಗಿದಿದೆ, ಎಣ್ಣೆಯಿಂದ ಪ್ರಯೋಜನ ಇಲ್ಲ. ಗಟ್ಟಿಯಾಗಿದ್ದರೆ ಶಾಫ್ಟಿನ ಬುಡಕ್ಕೆ ಹೊಲಿಗೆ ಮೆಷಿನ್ನಿನ ಎಣ್ಣೆ ಎರಡು ಮೂರು ಹನಿ ಬಿಟ್ಟು ಕೈಯಲ್ಲೇ ತಿರುಗಿಸು, ಹೆಚ್ಚಾದದ್ದನ್ನು ಒರೆಸು. ಜಾಸ್ತಿ ಸುರಿದರೆ ಒಳಗೆ ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ಶಿಗೆ ಇಳಿದು ಕಪ್ಪು ಅಂಟು ಆಗುತ್ತದೆ. ಹಿಂದಿನ ತುದಿಯಲ್ಲೂ ಒಂದು ಬುಶ್ ಉಂಟು, ಅದನ್ನು ಮರೆಯಬೇಡ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಲೇಬೇಡ. ಕೆಲವು ದಿನ ಸುಮ್ನಿರುತ್ತದೆ, ಆದರೆ ಬುಶ್ಶಿನಲ್ಲಿ ಉಳಿದಿದ್ದ ಎಣ್ಣೆಯನ್ನೂ ತೊಳೆದು ಹಾಕುತ್ತದೆ. ತೆಂಗಿನೆಣ್ಣೆಯೂ ಬೇಡ. ನಮ್ಮವರಿಗೆ ತಲೆಗೂ ಅದೇ, ಬಾಗಿಲ ಕೀಲಿಗೂ ಅದೇ. ಇಲ್ಲಿಯ ಸೆಕೆಗೆ ಅದು ನೀರಾಗಿಯೇ ಇರುತ್ತದೆ, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಿಮ್ಮ ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆಗೆ ಮೋಟಾರು ಅಲುಗಾಡಲಿಕ್ಕಿಲ್ಲ.

ಸದ್ದು ತಾನೇ, ರೇಡಿಯೋ ಜೋರು ಮಾಡಿದರಾಯಿತು ಅಂತ ಬಿಡಬೇಡ. ಬಿಗಿಯಾಗಿ ತಿರುಗುವ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ಸ್ಪೀಡ್ ಕಮ್ಮಿ ಮಾಡುವ ರೆಸಿಸ್ಟರ್ ತಣ್ಣಗಾಗುವುದೇ ಆ ಫ್ಯಾನಿನ ಗಾಳಿಯಿಂದ. ಗಾಳಿ ಕಮ್ಮಿ, ಕರೆಂಟು ಜಾಸ್ತಿ ಆದರೆ ಅದು ಸುಡುತ್ತದೆ, ಕೆಲವೊಮ್ಮೆ ಕನೆಕ್ಟರೂ ಕರಗುತ್ತದೆ. ಆಮೇಲೆ ಕೊನೆಯ ಸ್ಪೀಡ್ ಒಂದೇ ಓಡುವುದು. ನಿನ್ನ ಕಾರಿನಲ್ಲಿ ಒಂದನೇ ಸ್ಪೀಡ್ ಈಗಲೂ ಓಡುತ್ತದಲ್ವಾ? ಪರೀಕ್ಷಿಸಿ ಹೇಳು.

ಬುಶ್ ಸವೆದಿದ್ದರೂ ಹೊಸದು ಕೊಳ್ಳುವ ಮೊದಲು ನನಗೊಂದು ಫೋನ್ ಮಾಡು. ಇಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಪರಿಚಯದವರೊಬ್ಬರು ಬುಶ್ ಬದಲಾಯಿಸಿ ಕೊಡುತ್ತಾರೆ. ಮಂಗಳೂರು ಬಸ್ಸಿಗೆ ಪಾರ್ಸೆಲ್ ಹಾಕಿದರೆ ಸಾಕು, ಸ್ಟ್ಯಾಂಡಿಗೆ ಹೋಗಿ ನಾನೇ ತೆಗೆದುಕೊಳ್ಳುತ್ತೇನೆ. ಫ್ಯಾನಿನ ಡ್ರಮ್ಮನ್ನು ಮಾತ್ರ ಬಟ್ಟೆ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡು. ಹಳೇ ಪ್ಲಾಸ್ಟಿಕ್ಕು, ಒಂದು ರೆಕ್ಕೆ ಮುರಿದರೂ ಗುಜರಿಯಲ್ಲಿ ಜೋಡಿ ಹುಡುಕಬೇಕಾಗುತ್ತದೆ.

ನಿನ್ನವ