ಕೊಬ್ಬರಿ ಮಾರಬೇಡಿ ಚಿಕ್ಕಪ್ಪ, ಚೇತು ಹೊರಗೆ ಬಂದಿದ್ದಾನೆ

ಪ್ಲೇನೋ, ಟೆಕ್ಸಾಸ್

ಚಿಕ್ಕಪ್ಪ, ಚಿಕ್ಕಮ್ಮನಿಗೆ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ಅಜ್ಜಿಯ ಮಂಡಿ ನೋವು ಕಡಿಮೆಯಾಗಿದೆ ಅಂದುಕೊಂಡಿದ್ದೇನೆ.

ರಮ್ಯ ಫೋಟೋ ತೆಗೆದು ಕಳಿಸಿದ ನಿಮ್ಮ ಪತ್ರ ಓದಿದೆ. ಚೇತುವಿನ ಜಾಮೀನಿಗೆ ಕೊಬ್ಬರಿ ಮಾರುತ್ತೇವೆ, ಬಳೆ ಅಡ ಇಡುತ್ತೇವೆ ಎಂದು ಬರೆದದ್ದು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಚೇತು ಜೈಲಿನಿಂದ ಹೊರಗೆ ಬಂದಿದ್ದಾನೆ. ನಮ್ಮ ಮನೆಯಲ್ಲೇ ಇದ್ದಾನೆ, ಊಟ ಮಾಡಿ ಮಲಗಿದ್ದಾನೆ. ಯಾರೂ ಅವನ ಮೈ ಮುಟ್ಟಿಲ್ಲ. ಅಟ್ಟದ ಮೇಲಿರುವ ಕೊಬ್ಬರಿಯನ್ನು ದಯವಿಟ್ಟು ಮಾರಬೇಡಿ. ಚಿಕ್ಕಮ್ಮನ ಬಳೆ ಅಡ ಇಡುವ ಮಾತೂ ಬೇಡ. ಫೋನಿನಲ್ಲಿ ಚಿಕ್ಕಮ್ಮ ಅಳುತ್ತಿದ್ದರೆ ನನಗೆ ಏನನ್ನೂ ಬಿಡಿಸಿ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕುಡಿದು ಕಾರು ಓಡಿಸಿದ್ದು ನಿಜ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಯಾರಿಗೂ ಏಟಾಗಿಲ್ಲ, ಅದು ದೇವರ ದಯೆ. ಇಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಶೇಕಡ 0.08 ಮುಟ್ಟಿದರೆ ಸಾಕು, ಕೈಗೆ ಬೇಡಿ ಹಾಕಿ ಕರೆದುಕೊಂಡು ಹೋಗುತ್ತಾರೆ. ಮೊದಲ ಸಲವೋ, ವಿದ್ಯಾರ್ಥಿಯೋ, ಯಾರ ಮಗನೋ ಎಂದು ನೋಡುವುದಿಲ್ಲ. ಎಂಪಿಯಿಂದ ಫೋನ್ ಮಾಡಿಸಲಾ ಎಂದು ಕೇಳಿದ್ದೀರಿ. ಬೇಡ ಚಿಕ್ಕಪ್ಪ, ಅದು ಇಲ್ಲಿ ನಡೆಯುವುದಿಲ್ಲ. ಹ್ಯೂಸ್ಟನ್‌ನಲ್ಲಿ ನಮ್ಮ ದೇಶದ ಕಾನ್ಸುಲೇಟ್ ಇದೆ. ಬೇಕಾದರೆ ಅವರಿಗೆ ತಿಳಿಸಿ ಎಂದು ಕೇಳುವ ಹಕ್ಕು ಚೇತುವಿಗೆ ಇದೆ. ಆದರೆ ಅವರು ಜಾಮೀನಿನ ದುಡ್ಡು ಕಟ್ಟುವುದಿಲ್ಲ.

ಈಗ ದುಡ್ಡಿನ ವಿಷಯ. 5,000 ಡಾಲರ್ ಕಟ್ಟಿದರೇನೇ ಬಿಡುತ್ತಾರಂತೆ, ನಾಲ್ಕು ಲಕ್ಷದ ಮೇಲಾಗುತ್ತದೆ ಎಂದು ಬರೆದಿದ್ದೀರಿ. ಕೋರ್ಟಿನವರು ಜಾಮೀನು 5,000 ಎಂದು ಬರೆದದ್ದು ಹೌದು. ನಮ್ಮ ಕೈಯಿಂದ ಹೋದದ್ದು 500.

ಹಿಡಿದ ಮೇಲೆ ಬೆರಳಚ್ಚು, ಫೋಟೋ ಎಲ್ಲ ಆಗುತ್ತದೆ. ಆಮೇಲೆ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಅವರು ಯಾವ ಆರೋಪ, ಏನೇನು ಹಕ್ಕು ಎಂದು ಓದಿ ಹೇಳಿ, ಜಾಮೀನು ಎಷ್ಟು ಎಂದು ಬರೆಯುತ್ತಾರೆ. ಕೆಲವರನ್ನು ದುಡ್ಡಿಲ್ಲದೆ, ಬರುತ್ತೇನೆ ಎಂಬ ಮಾತಿನ ಮೇಲೆಯೇ ಬಿಡುವುದೂ ಉಂಟು. ಚೇತುವಿಗೆ ಅದು ಸಿಗಲಿಲ್ಲ. ಇನ್ನು ಎರಡು ದಾರಿ. ಪೂರ್ತಿ 5,000 ನಾವೇ ಕಟ್ಟಬಹುದು. ಅವನು ಎಲ್ಲ ತಾರೀಖಿಗೂ ಕೋರ್ಟಿಗೆ ಹೋದರೆ ಕೇಸು ಮುಗಿದ ಮೇಲೆ ಅದು ವಾಪಸ್ ಬರುತ್ತದೆ, ಅಲ್ಪಸ್ವಲ್ಪ ಶುಲ್ಕ ಹಿಡಿಯಬಹುದು. ಇಲ್ಲವೇ ಬೇಲ್ ಬಾಂಡ್ ಏಜೆಂಟ್ ಹತ್ತಿರ ಹೋಗಬೇಕು. ಸಾಮಾನ್ಯವಾಗಿ ನೂರಕ್ಕೆ ಹತ್ತು ತೆಗೆದುಕೊಂಡು ಅವರೇ ಕೋರ್ಟಿಗೆ ಪೂರ್ತಿ ಹಣಕ್ಕೆ ಬಾಂಡ್ ಬರೆದುಕೊಡುತ್ತಾರೆ. ಆ 500 ಅವರ ಕೂಲಿ, ಚೇತು ಖುಲಾಸೆಯಾದರೂ ವಾಪಸ್ ಇಲ್ಲ.

5,000 ಕಟ್ಟಿಬಿಡೋಣ, ಹೇಗೂ ವಾಪಸ್ ಬರುತ್ತದಲ್ಲ ಎಂದು ಗಿರೀಶ್ ಅಂದರು. ನಾನೇ ಬೇಡ ಅಂದೆ. ಇಂಥ ಕೇಸು ತಿಂಗಳುಗಟ್ಟಲೆ ಎಳೆಯುತ್ತದೆ, ಅಲ್ಲಿಯವರೆಗೆ ಆ ದುಡ್ಡು ಕೋರ್ಟಿನಲ್ಲಿ ಕೂತಿರುತ್ತದೆ. ವಕೀಲರಿಗೆ ಈಗಲೇ ಕೊಡಬೇಕು. ಚೇತುವಿಗೆ ಈಗ ಜಾಸ್ತಿ ಬೇಕಾಗಿರುವುದು ಒಳ್ಳೆಯ ವಕೀಲರು. ಕೈಯಲ್ಲಿರುವ ದುಡ್ಡು ಅದಕ್ಕಿರಲಿ.

ಏಜೆಂಟ್ ಅಂದ ಕೂಡಲೇ ನಿಮಗೆ ಭಯವಾಗುತ್ತದೆ, ಗೊತ್ತು. ಊರಿನಲ್ಲಿ ಯಾರಿಗಾದರೂ ಜಾಮೀನು ಬೇಕಾದರೆ ನೀವೇ ಪಹಣಿ ಹಿಡಿದುಕೊಂಡು ಕೋರ್ಟಿನಲ್ಲಿ ನಿಂತಿದ್ದೀರಿ, ಒಂದು ಕಾಫಿ ಕೂಡ ಕುಡಿದಿಲ್ಲ. ದುಡ್ಡಿಗೆ ಜಾಮೀನು ನಿಲ್ಲುವವರನ್ನು ನಮ್ಮ ಕಡೆ ಯಾರು ಗೌರವಿಸುತ್ತಾರೆ? ಇಲ್ಲಿ ಅದು ಲೈಸೆನ್ಸ್ ಇರುವ ವ್ಯಾಪಾರ. ನಮ್ಮ ಕೋರ್ಟ್ ಮುಂದೆ ಜೆರಾಕ್ಸ್ ಅಂಗಡಿ ಇರುವ ಹಾಗೆ ಇಲ್ಲಿ ಜೈಲಿನ ಹತ್ತಿರ ಬೇಲ್ ಬಾಂಡ್ ಅಂಗಡಿಗಳು. ರಾತ್ರಿಯೆಲ್ಲ ದೀಪ ಉರಿಯುತ್ತಿರುತ್ತದೆ. ಪ್ರಪಂಚದಲ್ಲಿ ಅಮೆರಿಕ, ಫಿಲಿಪೀನ್ಸ್ ಬಿಟ್ಟರೆ ಇಂಥ ವ್ಯಾಪಾರ ಬೇರೆಲ್ಲೂ ಇಲ್ಲ ಎನ್ನುತ್ತಾರೆ. ಅಮೆರಿಕದಲ್ಲೂ ಎಲ್ಲ ಕಡೆ ಇಲ್ಲ. ಕೆಂಟಕಿ ರಾಜ್ಯ 1976ರಲ್ಲೇ ಇದನ್ನು ನಿಲ್ಲಿಸಿತು. ಇಲಿನಾಯ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಜಾಮೀನಿಗೆ ದುಡ್ಡು ಕೇಳುವ ಪದ್ಧತಿಯೇ ಇಲ್ಲ. ಅದೇ ಸರಿ ಅನ್ನಿಸುತ್ತದೆ ನನಗೆ. ಇದೇ ತಪ್ಪು ಮಾಡಿದ ಬಡವರ ಹುಡುಗ 500 ಡಾಲರ್ ಇಲ್ಲದೆ ಇನ್ನೂ ಒಳಗೇ ಇರುತ್ತಾನೆ, ಅಲ್ವಾ?

ಆದರೂ ಒಂದು ಮಾತು ಹೇಳಬೇಕು, ಟೆಕ್ಸಾಸ್‌ನಲ್ಲಿ ಇದಕ್ಕೆ ಕಟ್ಟುಪಾಡು ಇದೆ. ನಮ್ಮಂಥ ದೊಡ್ಡ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಬೇಲ್ ಬಾಂಡ್ ಬೋರ್ಡ್ ಅಂತ ಇರುತ್ತದೆ. ಲೈಸೆನ್ಸ್ ಕೊಡುವವರೂ ಕಿತ್ತುಕೊಳ್ಳುವವರೂ ಅವರೇ. ಲೈಸೆನ್ಸ್ ಇರುವವರ ಪಟ್ಟಿಯನ್ನು ಜೈಲಿನಲ್ಲೇ ಹಾಕಿರಬೇಕು. ಇಂಥವರ ಹತ್ತಿರವೇ ಹೋಗಿ ಎಂದು ಪೊಲೀಸರು ಹೇಳುವ ಹಾಗಿಲ್ಲ. ಏಜೆಂಟರೂ ಜೈಲಿನೊಳಗೆ ಬಂದು ಗಿರಾಕಿ ಹಿಡಿಯುವ ಹಾಗಿಲ್ಲ. ನಾವು ಆ ಪಟ್ಟಿಯಿಂದಲೇ ಹೆಸರು ತೆಗೆದು ಫೋನ್ ಮಾಡಿದೆವು. ಒಬ್ಬರು ವಿದೇಶಿ ಹುಡುಗ ಅಂದ ಕೂಡಲೇ ದರ ಏರಿಸಿದರು. ಬಿಟ್ಟೆವು. ಇನ್ನೊಬ್ಬರು ವಯಸ್ಸಾದ ಹೆಂಗಸು. ಪೂರ್ತಿ ಹೆಸರು, ಹುಟ್ಟಿದ ತಾರೀಖು, ಯಾವ ಜೈಲು ಎಂದು ಕೇಳಿ, ಎಷ್ಟಾಗುತ್ತದೆ, ಬೇರೆ ಫೀಸು ಇಲ್ಲ ಎಂದು ಮೊದಲೇ ಹೇಳಿದರು. ರಸೀದಿಯನ್ನೂ ಕಾಗದದ ಪ್ರತಿಯನ್ನೂ ಕೊಟ್ಟರು. ಗಿರೀಶ್ ಅವರ ಸಂಬಳದ ಚೀಟಿ ನೋಡಿದರು. ಇಬ್ಬರೂ ಸಹಿ ಹಾಕಿದೆವು. ಅದಾದ ಮೇಲೂ ಅವನು ಹೊರಗೆ ಬರಲು ಗಂಟೆಗಟ್ಟಲೆ ಕಾದೆವು, ಜೈಲಿನ ಕಾಗದ ಪತ್ರ ಅಷ್ಟು ನಿಧಾನ.

ಆ ಸಹಿಯ ಅರ್ಥ ನಿಮಗೆ ಗೊತ್ತಿರಲಿ. ಚೇತು ಒಂದು ತಾರೀಖಿಗೆ ಹೋಗದಿದ್ದರೂ ವಾರಂಟ್ ಬರುತ್ತದೆ, ಆ 5,000 ನಮ್ಮ ತಲೆಗೆ ಬರುತ್ತದೆ. ಅವನು ಹೋಗುತ್ತಾನೆ. ನಾನೇ ಕರೆದುಕೊಂಡು ಹೋಗುತ್ತೇನೆ. ಪ್ರತಿ ವಾರ ಏಜೆಂಟ್‌ಗೆ ಫೋನ್ ಮಾಡಿ ಊರಿನಲ್ಲೇ ಇದ್ದೇನೆ ಎಂದು ಹೇಳಬೇಕು, ಅದನ್ನೂ ಮಾಡುತ್ತಾನೆ.

ಇನ್ನೊಂದು ವಿಷಯ ಬರೆಯಲು ಕೈ ಬರುತ್ತಿಲ್ಲ. ರಮ್ಯನ ಮದುವೆಗೆ ಅವನು ಬರುವುದು ಕಷ್ಟ. ಕೋರ್ಟಿನ ಒಪ್ಪಿಗೆ ಇಲ್ಲದೆ ದೇಶ ಬಿಡುವ ಹಾಗಿಲ್ಲ. ಕುಡಿದು ಓಡಿಸಿ ಅರೆಸ್ಟ್ ಆದವರ ವೀಸಾವನ್ನು, ತೀರ್ಪು ಬರುವ ಮೊದಲೇ, ರದ್ದು ಮಾಡುವುದೂ ಉಂಟು. ಹಾಗಾದರೆ ಒಮ್ಮೆ ಅಮೆರಿಕದಿಂದ ಹೊರಗೆ ಹೋದವನು ಹೊಸ ವೀಸಾ ಸಿಗದೆ ಮತ್ತೆ ಒಳಗೆ ಬರಲು ಆಗುವುದಿಲ್ಲ, ಓದು ಅರ್ಧಕ್ಕೆ ನಿಲ್ಲುತ್ತದೆ. ಇಮಿಗ್ರೇಷನ್ ವಕೀಲರನ್ನೂ ಕೇಳುತ್ತಿದ್ದೇವೆ. ಬೀಗರಿಗೆ ಏನು ಹೇಳಬೇಕು ಎಂದು ನೀವಿಬ್ಬರೇ ಕೂತು ಯೋಚಿಸಿ, ಸುಳ್ಳು ಮಾತ್ರ ಬೇಡ. ರಮ್ಯನಿಗೆ ನಾನೇ ಹೇಳುತ್ತೇನೆ. ಅಜ್ಜಿಗೆ ಈಗಲೇ ಗೊತ್ತಾಗುವುದು ಬೇಡ.

ಅಮೆರಿಕದ ಕೋರ್ಟಿನಿಂದ, ಜೈಲಿನಿಂದ ಎಂದು ಯಾರಾದರೂ ಫೋನ್ ಮಾಡಿ ದುಡ್ಡು ಹಾಕಿ ಅಂದರೆ ಒಂದು ರೂಪಾಯಿ ಹಾಕಬೇಡಿ. ಚೇತುವಿನ ದನಿಯಲ್ಲೇ ಮಾತಾಡಿದರೂ ಇಟ್ಟುಬಿಡಿ, ನನಗೆ ಫೋನ್ ಮಾಡಿ. ಇಂಥ ಮೋಸ ಇಲ್ಲೂ ನಡೆಯುತ್ತದೆ.

ಅವನನ್ನು ಬೈಯಬೇಡಿ ಎಂದು ನಾನು ಹೇಳುವುದಿಲ್ಲ. ಈ ವಾರ ಮಾತ್ರ ಬೇಡ. ನಿಜವಾಗಿಯೂ ಎಲ್ಲ ಸರಿಯಾಗಿದೆ, ಚಿಕ್ಕಮ್ಮ ಊಟ ಬಿಡುವುದು ಬೇಡ. ವಕೀಲರ ಹತ್ತಿರ ಹೋಗುವ ಹೊತ್ತಾಯಿತು, ಅವನನ್ನು ಏಳಿಸಬೇಕು, ಗಿರೀಶ್ ಆಗಲೇ ಕಾರು ತೆಗೆದಿದ್ದಾರೆ. ನಿಮಗೆ ಬೆಳಗಾದ ಮೇಲೆ ಅವನ ಕೈಯಲ್ಲೇ ಫೋನ್ ಮಾಡಿಸುತ್ತೇನೆ.

ನಿಮ್ಮ
ಸುಮ