ಅಪ್ಪಾಜಿನ ಕೂರಿಸ್ಬ್ಯಾಡ ದೋಸ್ತ

ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಕೇಳ್ದೆ. ಅಪ್ಪಾಜಿ ಮನೆ ಬಿಟ್ಟು ಹೊರಗೇ ಬರ್ತಿಲ್ಲ, ವಾಚ್ ಕೊಡಿಸ್ದೆ, ದಿನಾ ಹತ್ತು ಸಾವಿರ ಸ್ಟೆಪ್ ಹಾಕಿ ಅಂತ ಫೋನಲ್ಲಿ ಗದರಿಸಿಯೂ ನೋಡ್ದೆ, ಹ್ಞೂಂ ಅಂತಾರೆ ಮತ್ತೆ ಟಿವಿ ಮುಂದೆ ಕೂರ್ತಾರೆ ಅಂದ್ಯಲ್ಲ, ಅವರನ್ನ ದಾವಣಗೆರೇಲಿ ಬಿಟ್ಟು ಬೆಂಗಳೂರಲ್ಲಿ ಇದ್ಕೊಂಡು ನಿಂಗೆ ಎಷ್ಟು ಸಂಕಟ ಆಗ್ತಿರಬೇಕು ಅಂತ ಅರ್ಥ ಆಗುತ್ತೆ. ನಮ್ಮ ಬ್ಯಾಚಿನ ಎಷ್ಟೋ ಜನರ ಮನೇಲಿ ಇದೇ ಐತಿ, ಅದಕ್ಕೇ ಇದನ್ನ ಎಲ್ರೂ ಓದೋ ಹಂಗೆ ಹಾಕ್ತಿದೀನಿ.

ಮೊದ್ಲು ಆ ಹತ್ತು ಸಾವಿರದ ಲೆಕ್ಕ ಬಿಟ್ಬಿಡು. ಅದು ಯಾವ ಡಾಕ್ಟರ್ ಹೇಳಿದ್ದೂ ಅಲ್ಲ, 1965ರ ಹೊತ್ತಿಗೆ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಮಷೀನ್ ಮಾರೋಕೆ ಹಿಡಿದ ನಂಬರ್ ಅದು. ಆಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ 60 ದಾಟಿದೋರಿಗೆ ಆರರಿಂದ ಎಂಟು ಸಾವಿರ ಹೆಜ್ಜೆ ಒಳಗೇ ಹೆಚ್ಚಿನ ಲಾಭ ಸಿಗುತ್ತೆ ಅಂತ ಕಂಡೈತಿ, ಅದರಲ್ಲೂ ಏನೂ ನಡೀದೇ ಇದ್ದೋರು ಸ್ವಲ್ಪ ನಡೆಯೋಕೆ ಶುರು ಮಾಡಿದ್ರೇನೇ ದೊಡ್ಡ ವ್ಯತ್ಯಾಸ. ದಿನಾ ರಾತ್ರಿ ವಾಚಲ್ಲಿ 1,200 ಅಂತ ನೋಡಿ ನೋಡಿ ಅಪ್ಪಾಜಿಗೆ ಅನ್ಸೋದು ಒಂದೇ, ನನ್ ಕೈಲಿ ಆಗಲ್ಲ ಅಂತ.

ಆದ್ರೆ ನಿಂಗೆ ಹೇಳಬೇಕಾಗಿರೋ ಮುಖ್ಯ ಮಾತು ಬೇರೆ. ಅಪ್ಪಾಜಿನ ಕೂರಿಸಿದ್ದು ಅವರ ಸೋಮಾರಿತನ ಅಲ್ಲ ಮಾರಾಯ, ನಮ್ಮ ಪ್ರೀತಿ. ನೆನಪು ಮಾಡ್ಕೋ, ಕಾಟನ್ ಮಿಲ್ಲಲ್ಲಿ ಶಿಫ್ಟ್ ಪೂರ್ತಿ ನಿಂತೇ ಇರ್ತಿದ್ದ ಮನುಷ್ಯ, ಹುಡುಗನಾಗಿದ್ದಾಗ ಗರಡಿ ಮನೇಲಿ ಬಸ್ಕಿ ಹೊಡೆದವರು, ದುಗ್ಗಮ್ಮನ ಜಾತ್ರೆ ಕುಸ್ತಿ ನೋಡೋಕೆ ನಮ್ಮನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋದವರು. ಈಗ ಮನೇಲಿ ತೊಟ್ಟಿಯಿಂದ ನೀರು ಎತ್ತೋಕೆ ಹೋದ್ರೆ ಬ್ಯಾಡಿ ಬಿಡಿ ಅಪ್ಪಾಜಿ, ತರಕಾರಿಗೆ ಹೊರಟ್ರೆ ಆನ್‌ಲೈನಲ್ಲಿ ಬರುತ್ತೆ ಬಿಡಿ, ಮೆಟ್ಟಿಲು ಹತ್ತಿದ್ರೆ ಅಯ್ಯೋ ಮಂಡಿ ಸವೆದೈತಿ ಅಂತ ಕೈ ಹಿಡಿದು ಇಳಿಸ್ತೀವಿ. ಹಿರಿಯರು ಕೂತಿದ್ರೆ ಮರ್ಯಾದೆ, ಕೆಲಸ ಮಾಡಿದ್ರೆ ಮಕ್ಕಳಿಗೆ ಅವಮಾನ ಅನ್ನೋ ಹಂಗೆ ಆಗೋಗೈತಿ. ಹಿಂಗೆ ಒಂದೊಂದೇ ಕೆಲಸ ಕಿತ್ಕೊಂಡು ಕೊನೆಗೆ ವಾಕಿಂಗ್ ಮಾಡಿ ಅಂದ್ರೆ ಅವರಿಗೆ ಏನು ಅನ್ಸಬೇಕು ಹೇಳು, ಎಲ್ಲಿಗೆ ಹೋಗಬೇಕು, ಯಾರ ಹತ್ರ ಹೋಗಬೇಕು?

ಮಂಡಿ ಸವೆದೋರು ನಡೀಬಾರದು ಅನ್ನೋದೂ ತಪ್ಪು. ತೊಡೆ ಸ್ನಾಯು ಗಟ್ಟಿ ಇದ್ರೆ ಮಂಡಿ ಮೇಲೆ ಬೀಳೋ ಭಾರ ಹಗುರ ಆಗುತ್ತೆ, ಸುಮ್ನೆ ಕೂತ್ರೆ ಆ ಸ್ನಾಯು ಕರಗಿ ನೋವು ಇನ್ನೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದೋರಿಗೆ ಹೇಳಿದ್ದು ವಾರಕ್ಕೆ 150 ನಿಮಿಷದಿಂದ 300 ನಿಮಿಷ ಸಾಧಾರಣ ಬಿರುಸಿನ ಓಡಾಟ, ಅಂದ್ರೆ ಜೊತೆಯವರ ಹತ್ರ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಉಸಿರು ಸಾಲಬಾರದು, ಅಷ್ಟು. ಆದ್ರೆ ಅದರ ಜೊತೆಗೇ ವಾರಕ್ಕೆ ಮೂರು ದಿನನಾದ್ರೂ ಬ್ಯಾಲೆನ್ಸು ಮತ್ತು ಶಕ್ತಿಯ ವ್ಯಾಯಾಮ ಮಾಡ್ಬೇಕು ಅಂದೈತಿ, ಅದನ್ನ ನಾವ್ಯಾರೂ ಹೇಳೋದೇ ಇಲ್ಲ ನೋಡು, ಬರೀ ವಾಕಿಂಗ್ ವಾಕಿಂಗ್ ಅಂತೀವಿ. ವಯಸ್ಸಾದೋರನ್ನ ಹಾಸಿಗೆ ಹಿಡಿಸೋದು ಎಷ್ಟೋ ಸಲ ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿಯೋದು, ಅದನ್ನ ತಡೆಯೋದು ಕಾಲಿನ ಶಕ್ತಿ ಮತ್ತು ಬ್ಯಾಲೆನ್ಸು. ಕೈ ಊರದೆ ಕುರ್ಚಿಯಿಂದ ಎದ್ದು ಮತ್ತೆ ನಿಧಾನಕ್ಕೆ ಕೂರೋದು, ಅಡುಗೆಮನೆ ಕಟ್ಟೆ ಹಿಡ್ಕೊಂಡು ಒಂಟಿ ಕಾಲಲ್ಲಿ ನಿಲ್ಲೋದು, ಗೋಡೆ ಪಕ್ಕ ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ನಡೆಯೋದು, ಇಷ್ಟೇ. ಗರಡಿ ಮನುಷ್ಯನಿಗೆ ಬಸ್ಕಿಯ ತಮ್ಮ ಇದು ಅಂತ ಹೇಳು, ಮುಖ ಅರಳುತ್ತೆ.

ಇನ್ನು ಜೊತೆ. ಒಬ್ಬರೇ ಹೋಗಿ ಅಂದ್ರೆ ಯಾರೂ ಹೋಗಲ್ಲ, ಯಾರೋ ಕಾಯ್ತಿದಾರೆ ಅಂದ್ರೆ ಮಳೇಲೂ ಹೋಗ್ತಾರೆ. ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ಹೋಗಿ ನೋಡು, ಎಷ್ಟೊಂದು ಜನ ಹಿರಿಯರು, ನಡೆಯೋದಕ್ಕಿಂತ ಮಾತೇ ಜಾಸ್ತಿ, ಆ ಮಾತಿಗೋಸ್ಕರನೇ ಬರ್ತಾರೆ ಅವರು. ಆದ್ರೆ ಕೆ.ಟಿ.ಜೆ. ನಗರದಿಂದ ಅಪ್ಪಾಜಿ ದಿನಾ ಅಲ್ಲಿಗೆ ಹೋಗೋದು ಆಗದ ಮಾತು, ಆಟೋಗೇ ದುಡ್ಡು ಹೋಗುತ್ತೆ. ಮನೆ ಹತ್ರದ್ದೇ ಆಗಬೇಕು. ನಮ್ಮ ಬೀದೀಲಿ ಒಬ್ಬ ರಿಟೈರ್ಡ್ ಮೇಷ್ಟ್ರು ಮಾಡಿದ್ದು ಭಾಳ ಸರಳ, ಹತ್ರದ ಹಾಲಿನ ಬೂತ್ ಬಿಟ್ಟು ಎರಡು ಕ್ರಾಸ್ ಆಚೆಗಿನ ಬೂತಿಗೆ ಹೋಗೋದು, ದಾರೀಲಿ ನಾಲ್ಕು ಮನೆ ಮುಂದೆ ನಿಂತು ಬರ್ರೀ ಹಾಲಿಗೆ ಅಂತ ಕೂಗೋದು. ಈಗ ಅವರದ್ದೇ ಒಂದು ಗುಂಪು. ಯಾರಾದ್ರೂ ಬರದಿದ್ರೆ ಬಾಗಿಲು ಬಡಿದು ಹುಷಾರಿದೀರಾ ಅಂತ ಕೇಳ್ತಾರೆ, ಮಕ್ಕಳು ದೂರ ಇರೋ ಮನೆಗಳಿಗೆ ಅದು ಎಷ್ಟು ದೊಡ್ಡ ಧೈರ್ಯ ಹೇಳು. ಅಪ್ಪಾಜಿಯ ಮಿಲ್ ಗೆಳೆಯರು ಇನ್ನೂ ಊರಲ್ಲಿದಾರೆ, ಇಬ್ಬರನ್ನ ನಾನೇ ಹುಡುಕಿ ಮಾತಾಡಿಸ್ತೀನಿ, ಅದು ನನಗೆ ಬಿಡು.

ಅಮ್ಮನ್ನ ಮರೀಬ್ಯಾಡ. ನಿನ್ನ ಮೆಸೇಜಲ್ಲಿ ಅಮ್ಮನ ಹೆಸರೇ ಇಲ್ಲ. ಮನೆಕೆಲಸ ಮಾಡ್ತಾರಲ್ಲ ಸಾಕು ಅನ್ಕೊಂಡಿದೀಯ ಅನ್ಸುತ್ತೆ, ಆದ್ರೆ ನಿಂತಲ್ಲೇ ನಿಂತು ರೊಟ್ಟಿ ಬಡಿಯೋದ್ರಿಂದ ಸೊಂಟ ನೋಯುತ್ತೆ ಹೊರತು ಉಸಿರಿಗೆ ಬಿರುಸು ಬರಲ್ಲ. ನಮ್ಮಮ್ಮ ಮತ್ತು ಅವರ ಭಜನೆ ಗೆಳತಿಯರನ್ನ ಯಾಕೆ ಹೋಗಲ್ಲ ಅಂತ ಕೇಳಿದ್ರೆ ಅವರು ಹೇಳಿದ್ದು ಬೇರೆ ಏನೂ ಅಲ್ಲ, ಬೆಳಗಿನ ಜಾವ ನಾಯಿ ಕಾಟ, ಪಾರ್ಕಲ್ಲಿ ಟಾಯ್ಲೆಟ್ ಇಲ್ಲ, ಕೂರೋಕೆ ಬೆಂಚ್ ಇಲ್ಲ, ಫುಟ್‌ಪಾತ್ ಕಲ್ಲು ಎದ್ದಿರೋದ್ರಿಂದ ಬೀಳೋ ಭಯ, ಸರಗಳ್ಳರ ಭಯ. ಇದರಲ್ಲಿ ಒಂದಾದ್ರೂ ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಹೋಗೋ ಅಂಥದ್ದಾ? ಇಲ್ಲ. ಅದಕ್ಕೆ ವಾರ್ಡಿನವರೆಲ್ಲ ಸೇರಿ ಪಾಲಿಕೆಗೆ ಅರ್ಜಿ ಕೊಡಬೇಕು, ಪಾರ್ಕಲ್ಲಿ ಕಬ್ಬಿಣದ ಜಿಮ್ ಹಾಕಿಸೋ ದುಡ್ಡಲ್ಲಿ ಹಿಡಿ ಇರೋ ಬೆಂಚು, ಲೈಟು, ಒಂದು ಟಾಯ್ಲೆಟ್ ಆದ್ರೆ ಹಿರಿಯರು ತಾನಾಗೇ ಬರ್ತಾರೆ ಅಂತ ನಾನು ನಂಬಿದೀನಿ. ಜೆ.ಜೆ.ಎಂ. ಮೆಡಿಕಲ್ ಕಾಲೇಜು ಇರೋ ಊರು ನಮ್ದು, ವಾರಕ್ಕೊಂದು ದಿನ ಬಂದು ಈ ಕುರ್ಚಿ ವ್ಯಾಯಾಮ ಹೇಳಿಕೊಡೋ ಫಿಸಿಯೋಥೆರಪಿ ಹುಡುಗರು ಕೇಳಿದ್ರೆ ಸಿಗ್ತಾರೆ.

ಕೆಲವು ವಿಷಯ ಹುಷಾರು. ಅಪ್ಪಾಜಿ ಶುಗರ್ ಮಾತ್ರೆ ತಗೊಳ್ತಾರಲ್ಲ, ಮೊದ್ಲು ಅವರ ಡಾಕ್ಟರ್ ಹತ್ರ ಒಂದು ಮಾತು ಕೇಳು, ಖಾಲಿ ಹೊಟ್ಟೇಲಿ ದೂರ ಹೋಗೋದು ಬ್ಯಾಡ, ಜೇಬಲ್ಲಿ ಸಕ್ಕರೆ ಚೂರು ಇರಲಿ. ಎದೆ ಹಿಡಿದಂಗೆ ಆದ್ರೆ, ತಲೆ ಸುತ್ತಿದ್ರೆ ಅಲ್ಲೇ ನಿಲ್ಲಬೇಕು, ಹಟ ಬ್ಯಾಡ. ಮಾರ್ಚಿಂದ ಮೇ ತನಕ ನಮ್ಮೂರ ಬಿಸಿಲು ನಿಂಗೇ ಗೊತ್ತು, ಎಂಟು ಗಂಟೆ ಒಳಗೆ ಮನೆ ಸೇರಬೇಕು. ರಾತ್ರಿ ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಓಡಾಡಿದ್ರೆ ಶುಗರ್ ಏರೋದು ಕಮ್ಮಿ ಆಗುತ್ತೆ, ಅದು ಅಮ್ಮನ ಜೊತೆ ಮಾಡ್ಲಿ.

ದೀಪಾವಳಿಗೆ ಒಂದು ದಿನ ಮೊದ್ಲೇ ಬಾ. ಬೆಳಿಗ್ಗೆ ಅಪ್ಪಾಜಿ, ಅಮ್ಮ, ನೀನು, ನಾನು ಕುಂದವಾಡಕ್ಕೆ ಹೋಗಿ ಒಂದೇ ಸುತ್ತು, ಅವರ ವೇಗದಲ್ಲಿ, ಕೂತ್ಕೊಬೇಕು ಅನ್ಸಿದಾಗೆಲ್ಲ ಕೂತ್ಕೊಂಡು. ಅಲ್ಲಿಂದ ಬೆಣ್ಣೆ ದೋಸೆ. ಮಾರನೇ ದಿನದಿಂದ ಹಾಲಿಗೆ ಅಪ್ಪಾಜಿನೇ ಹೋಗ್ಲಿ, ನೀನು ತರ್ತೀನಿ ಅಂತ ಬೈಕ್ ತೆಗೀಬ್ಯಾಡ. ಮತ್ತೆ ಅವರು ಇನ್ನೂ ಹವಾಯಿ ಚಪ್ಪಲೀಲೇ ಓಡಾಡ್ತಿದಾರೆ, ಅದು ಜಾರುತ್ತೆ, ಇಬ್ಬರದ್ದೂ ಕಾಲಿನ ಅಳತೆ ಕೇಳಿ ಇವತ್ತೇ ಕಳಿಸು, ಹಿಮ್ಮಡಿ ಹಿಡಿಯೋ ಶೂ ನಾನು ಈ ವಾರನೇ ತಂದು ಮನೇಲಿ ಕೊಟ್ಟು ಬರ್ತೀನಿ.

ನಿನ್ನ ದೋಸ್ತ